ಸ್ಟಾರ್ಟೆಡ್ ಟಾಸ್ಕ್‌ನ ಐಡಿಗೆ ಪಾಸ್‌ವರ್ಡ್ ಬೇಡ

ಬೆಂಗಳೂರಲ್ಲಿ ಮೇನ್‌ಫ್ರೇಮ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಒಂದು ಮಾತು. ಸ್ಟಾರ್ಟೆಡ್ ಟಾಸ್ಕ್ ಅಂದರೆ ಸ್ಟಾರ್ಟ್ ಕಮಾಂಡ್‌ನಿಂದ ಓಡುವ ಪ್ರೋಗ್ರಾಂ. ಅದನ್ನು ಓಡಿಸುವ ಪ್ರೊಸೀಜರನ್ನು (ಜೆಸಿಎಲ್ ಭಾಷೆಯ ಸೂಚನೆಗಳನ್ನು) ಪ್ರಾಕ್‌ಲಿಬ್‌ಗೆ, ಅಂದರೆ ಪ್ರೊಸೀಜರ್‌ಗಳ ಲೈಬ್ರರಿಗೆ, ಹಾಕುವುದು ಸುಲಭ. ಹೆಸರು 8 ಅಕ್ಷರ ದಾಟಬಾರದು, ಅಷ್ಟೇ. ಜಾಸ್ತಿ ಗಮನ ಬೇಕಿರುವುದು ಮೇನ್‌ಫ್ರೇಮ್‌ನ ಸೆಕ್ಯುರಿಟಿ ಸಾಫ್ಟ್‌ವೇರ್ ಆದ ರ್‍ಯಾಕ್‌ಎಫ್‌ನಲ್ಲಿ. ಸ್ಟಾರ್ಟೆಡ್ ಕ್ಲಾಸ್‌ನಲ್ಲಿ ಪ್ರೊಫೈಲ್ ಮಾಡಿ, ಅದರ ಎಸ್‌ಟಿಡೇಟಾ ಭಾಗದಲ್ಲಿ ಟಾಸ್ಕ್ ಓಡಬೇಕಾದ ಯೂಸರ್ ಐಡಿ, ಗ್ರೂಪ್ ಕೊಡಿ. ಆ ಐಡಿಗೆ ಪಾಸ್‌ವರ್ಡೂ ಬೇಡ, ಪಾಸ್‌ಫ್ರೇಸೂ ಬೇಡ. ಆಗ ಅದು ಪ್ರೊಟೆಕ್ಟೆಡ್ ಆಗುತ್ತದೆ. ಯಾರಾದರೂ ತಪ್ಪು ಪಾಸ್‌ವರ್ಡ್ ಹೊಡೆದರೂ ರಿವೋಕ್ (ಲಾಕ್) ಆಗುವುದಿಲ್ಲ. ದಯವಿಟ್ಟು ನಿಮ್ಮ ಸ್ವಂತ ಐಡಿ ಮಾತ್ರ ಕೊಡಬೇಡಿ!

ಆಮೇಲೆ ಸ್ಟಾರ್ಟೆಡ್ ಕ್ಲಾಸ್‌ನ ಪ್ರೊಫೈಲ್‌ಗಳ ಮೆಮೊರಿಯಲ್ಲಿರುವ ಪ್ರತಿ, ಅಂದರೆ ರ್‍ಯಾಕ್‌ಲಿಸ್ಟ್ ರಿಫ್ರೆಶ್ ಮಾಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ನೈಟ್ ಶಿಫ್ಟ್‌ನಲ್ಲಿ ನಾನು ಇದನ್ನು ಮರೆತು, ಸುಮ್ನೆ ಜೆಸಿಎಲ್‌ನಲ್ಲಿ ತಪ್ಪು ಹುಡುಕುತ್ತಾ ಬೆಳಗು ಮಾಡಿದೆ. ಟಾಸ್ಕ್ ಆಗಲೇ ಓಡುತ್ತಿದ್ದರೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಆಗಲೇ ಹೊಸ ಐಡಿ ಹಿಡಿಯುವುದು.