ಬಾಲವಿಲ್ಲದ ಫಾಯಿಲ್ ಮೇಲೆ ನಿಲ್ಲುವುದು ಹೇಗೆ?

ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವರಿಗೆ ಬಾಲಂಗೋಚಿಯ ಬೆಲೆ ಗೊತ್ತು. ಅದು ಕಿತ್ತುಹೋದರೆ ಪಟ ಗಿರಗಿರ ಸುತ್ತಿ ನೆಲಕ್ಕೆ ಬೀಳುತ್ತದೆ. ವಿಂಗ್ ಫಾಯಿಲಿಂಗ್ ಎಂಬ ನೀರಾಟದಲ್ಲಿ ಗಾಳಿ ಹಿಡಿಯುವ ವಿಂಗನ್ನು ಕೈಯಲ್ಲಿ ಹಿಡಿದು ಬೋರ್ಡಿನ ಮೇಲೆ ನಿಲ್ಲುತ್ತಾರೆ. ಬೋರ್ಡಿನಡಿ ನೀರೊಳಗಿರುವ ರೆಕ್ಕೆಗಳ ಜೋಡಣೆಯೇ ಫಾಯಿಲ್, ಅದರ ಹಿಂದಿನ ಸಣ್ಣ ರೆಕ್ಕೆಯೇ ಬಾಲ. ಇದನ್ನು ಆಡುವವರಲ್ಲಿ ಕೆಲವರು ಈಗ ಬೇಕೆಂದೇ ಬಾಲ ಕಳಚಿಟ್ಟು ನೀರಿಗಿಳಿಯುತ್ತಿದ್ದಾರೆ. ನಾನೂ ಅದಕ್ಕೆ ಮನಸೋತವನು.

ನಾನು ಆಡುವುದು ಅಮೆರಿಕದ ಓರೆಗಾನ್ ರಾಜ್ಯದ ಹುಡ್ ರಿವರ್ ಊರಿನಲ್ಲಿ, ಕೊಲಂಬಿಯಾ ನದಿಯ ಮೇಲೆ. ಪೋರ್ಟ್‌ಲ್ಯಾಂಡಿನಿಂದ ಸುಮಾರು 100 ಕಿ.ಮೀ. ದೂರ. ಬೇಸಿಗೆಯಲ್ಲಿ ಪೂರ್ವದ ಒಣನೆಲ ಕಾದು ಬಿಸಿಯಾಗುತ್ತದೆ. ಆಗ ಸಮುದ್ರದ ಕಡೆಯ ತಂಪು ಗಾಳಿ ಕ್ಯಾಸ್ಕೇಡ್ ಬೆಟ್ಟಗಳ ನಡುವಿನ ಕಣಿವೆಗೆ ನುಗ್ಗುತ್ತದೆ. ನದಿ ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ. ಎದುರುಬದುರಾಗಿ ಸಿಕ್ಕಾಗ ಒಳ್ಳೆಯ ಅಲೆಗಳು ಏಳುತ್ತವೆ. ಬಾಲವಿಲ್ಲದ ಫಾಯಿಲ್‌ನ ಸೊಗಸು ಕಾಣುವುದು ಅಂಥ ಅಲೆಗಳ ಮೇಲೆಯೇ.

ಬಾಲ ಏನು ಮಾಡುತ್ತದೆ ಎಂದು ಮೊದಲು ತಿಳಿಯಬೇಕು. ಬೋರ್ಡಿನ ಕೆಳಗೆ ಮಾಸ್ಟ್ ಎಂಬ ನೆಟ್ಟನೆಯ ಕಂಬ, ಅದರ ತುದಿಗೆ ಫ್ಯೂಸಲೇಜ್ ಎಂಬ ದಂಡ. ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಣ್ಣದು. ಮುಂದಿನ ರೆಕ್ಕೆ ನಮ್ಮನ್ನು ನೀರಿನಿಂದ ಮೇಲೆತ್ತುತ್ತದೆ, ಆದರೆ ಬೋರ್ಡಿನ ಮೂಗು, ಅಂದರೆ ಮುಂದಿನ ತುದಿ, ತಗ್ಗಿಸುವ ಸ್ವಭಾವ ಅದಕ್ಕಿದೆ. ಹಿಂದಿನದು ಕೆಳಕ್ಕೆ ಒತ್ತಿ ಆ ಮೂಗನ್ನು ಎತ್ತಿ ಹಿಡಿಯುತ್ತದೆ. ಬೋರ್ಡ್ ಹಿಂದೆ ಮುಂದೆ ತೂಗಾಡದಂತೆಯೂ ತಡೆಯುತ್ತದೆ. ಇದಕ್ಕೆಲ್ಲ ಬೆಲೆಯೂ ಇದೆ: ನೀರಿನ ಎಳೆತ ಜಾಸ್ತಿ, ತಿರುವು ನಿಧಾನ.

ಬಾಲ ತೆಗೆದರೆ ಆ ಕೆಲಸ ಹೋಗುವುದಿಲ್ಲ. ಸ್ವಲ್ಪ ರೆಕ್ಕೆಗೆ ಬರುತ್ತದೆ, ಉಳಿದದ್ದು ನಿಮ್ಮ ಕಾಲಿಗೆ. ಅದಕ್ಕೇ ಮಾಮೂಲಿ ಫಾಯಿಲ್‌ನ ಬಾಲ ಬಿಚ್ಚಿ ಸುಮ್ನೆ ಹೊರಟುಬಿಡಬೇಡಿ. ಬಾಲವಿಲ್ಲದೆ ಓಡಲೆಂದೇ ಮಾಡಿದ ರೆಕ್ಕೆ ಬೇಕು. ಅದರ ತುದಿಗಳು ಹಿಂದಕ್ಕೆ ಬಾಗಿ ಕೊಂಚ ತಿರುಚಿರುತ್ತವೆ, ಅಥವಾ ಹಿಂಬದಿಯ ಅಂಚು ತುಸು ಮೇಲಕ್ಕೆದ್ದಿರುತ್ತದೆ. ಜರ್ಮನಿಯ ಹಾರ್ಟನ್ ಸಹೋದರರು 1930ರ ದಶಕದಲ್ಲಿ ಬಾಲವಿಲ್ಲದ ಗ್ಲೈಡರ್‌ಗಳನ್ನು (ಎಂಜಿನ್ ಇಲ್ಲದ ವಿಮಾನಗಳನ್ನು) ಹಾರಿಸಿದ್ದು ಇಂಥ ಉಪಾಯದಿಂದಲೇ.

ನೇರವಾಗಿ ಬಾಲವಿಲ್ಲದ್ದಕ್ಕೆ ಹಾರಬೇಡಿ. ಬಾಲವಿರುವ ಫಾಯಿಲ್ ಮೇಲೆ ಬೀಳದೆ ಎರಡೂ ಕಡೆ ತಿರುಗಲು ಬರಬೇಕು. ಆಮೇಲೆ ಸಣ್ಣ ಬಾಲ, ಗಿಡ್ಡ ಫ್ಯೂಸಲೇಜ್. ಇವುಗಳಲ್ಲಿ ಕೆಲವು ವಾರ ಕಳೆಯಿರಿ. ಕಾಲು ತಾನಾಗಿಯೇ ಚುರುಕಾಗುತ್ತದೆ.

ಇನ್ನು ಮಾಸ್ಟ್ ಕೂರಿಸುವ ಜಾಗ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನನಗನಿಸುತ್ತದೆ. ಬಾಲ ಕೆಳಕ್ಕೆ ಒತ್ತುತ್ತಿದ್ದಾಗ ಎತ್ತುವ ಬಲದ ನಡುಬಿಂದು ಮುಂದಿರುತ್ತಿತ್ತು. ಬಾಲ ಹೋದಮೇಲೆ ಅದು ಹಿಂದಕ್ಕೆ ಸರಿಯುತ್ತದೆ. ಹಳೆಯ ಜಾಗದಲ್ಲೇ ನಿಂತರೆ ಬೋರ್ಡ್ ಏಳುವುದೇ ಇಲ್ಲ, ಎದ್ದರೂ ಮೂಗು ನೀರಿಗೆ ಕುಟ್ಟುತ್ತದೆ. ಮೊದಲ ದಿನ ನನಗೆ ಆದದ್ದೂ ಇದೇ. ಒಂದು ಗಂಟೆ ತೋಳು ಸೋಲುವವರೆಗೆ ಒದ್ದಾಡಿದೆ. ಕೊನೆಗೆ ದಡಕ್ಕೆ ಬಂದು ಮಾಸ್ಟನ್ನು ಮುಂದೆ ಸರಿಸಿದೆ, ಎರಡನೇ ಯತ್ನಕ್ಕೇ ಎದ್ದಿತು. ಹಾಗಾಗಿ ಬೋರ್ಡಿನಡಿ ಮಾಸ್ಟ್ ಕೂರಿಸುವ ಟ್ರ್ಯಾಕಿನಲ್ಲಿ ಅದನ್ನು ಒಂದೊಂದೇ ಸೆಂಟಿಮೀಟರ್ ಮುಂದೆ ಸರಿಸಿ ನೋಡಿ. ಎರಡೂ ಕಾಲಿಗೆ ಸಮನಾಗಿ ಭಾರ ಬೀಳುವ ಜಾಗ ಸಿಕ್ಕಿದರೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಸ್ಕ್ರೂಡ್ರೈವರ್ ದಡದಲ್ಲೇ ಇರಲಿ.

ಮೊದಲ ದಿನಕ್ಕೆ ಸಮತಟ್ಟು ನೀರು, 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.) ಒಂದೇ ಸಮನೆ ಬೀಸುವ ಗಾಳಿ, ಎದೆಮಟ್ಟಕ್ಕಿಂತ ಆಳವಾದ ಜಾಗ. ಹೆಲ್ಮೆಟ್, ಪೆಟ್ಟು ತಡೆಯುವ ಇಂಪ್ಯಾಕ್ಟ್ ವೆಸ್ಟ್, ಬೋರ್ಡನ್ನು ಮೈಗೆ ಕಟ್ಟುವ ಹಗ್ಗ ಲೀಶ್ ಇಲ್ಲದೆ ಇಳಿಯಲೇಬೇಡಿ. ರೆಕ್ಕೆಯ ಅಂಚು ಚೂಪು, ಬೀಳುವುದೂ ಜಾಸ್ತಿ. ಕೈಯಲ್ಲಿ ಹಿಡಿಯುವ ವಿಂಗ್ ಮಾಮೂಲಿಗಿಂತ ಒಂದು ಅಳತೆ ದೊಡ್ಡದಿರಲಿ.

ಏಳುವಾಗ ಹಿಂಗಾಲಿನಿಂದ ಜೋರಾಗಿ ಒತ್ತುವ ಹಳೆಯ ಅಭ್ಯಾಸ ಬಿಡಬೇಕು. ತಡೆಯುವ ಬಾಲ ಇಲ್ಲವಲ್ಲ, ಮೂಗು ಥಟ್ಟನೆ ಮೇಲಕ್ಕೆದ್ದು ರೆಕ್ಕೆ ನೀರಿನ ಹಿಡಿತ ಕಳೆದುಕೊಳ್ಳುತ್ತದೆ. ವಿಂಗ್‌ನಿಂದಲೇ ವೇಗ ಕೂಡಿಸಿ. ಬೋರ್ಡ್ ಹಗುರವಾಯಿತು ಅನಿಸಿದಾಗ ಹಿಂಗಾಲಿನ ಹಿಮ್ಮಡಿ ಮೆಲ್ಲಗೆ ಊರಿ, ಅಷ್ಟು ಸಾಕು. ಎದ್ದಮೇಲೆ ಒಂದು ಗೇಣಿಗಿಂತ ಮೇಲೆ ಹೋಗಬೇಡಿ. ಮಂಡಿ ಸಡಿಲವಿರಲಿ, ನೋಟ ದೂರವಿರಲಿ. ಬೋರ್ಡ್ ನೋಡುತ್ತಾ ನಿಂತರೆ ಮೂಗು ಎದ್ದದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ತಿದ್ದುವುದನ್ನೆಲ್ಲ ಕಣಕಾಲಿನಿಂದ ತಿದ್ದಿ, ಸೊಂಟದಿಂದಲ್ಲ. ಬೀಳುವುದು ಖಚಿತವಾದರೆ ಬೋರ್ಡನ್ನು ತಳ್ಳಿ ಪಕ್ಕಕ್ಕೆ ಬೀಳಿ. ತಲೆಕೆಳಗಾಗಿ ಧುಮುಕಬೇಡಿ.

ನೇರವಾಗಿ ಐದಾರು ನೂರು ಮೀಟರ್ ಸಲೀಸಾಗಿ ಹೋಗಲು ಬಂದಮೇಲೆ ಅಲೆಗೆ ಬನ್ನಿ. ವಿಂಗನ್ನು ಮುಂದಿನ ಹಿಡಿಯಲ್ಲಿ ಒಂದೇ ಕೈಯಿಂದ ಹಿಡಿದು ಗಾಳಿಗೆ ಬಿಟ್ಟುಬಿಡಿ, ಈಗ ನಿಮ್ಮನ್ನು ತಳ್ಳುವುದು ಅಲೆ ಮಾತ್ರ. ಕಾಲ್ಬೆರಳ ತುದಿಗೆ ತುಸು ಭಾರ ಹಾಕಿ. ಫಾಯಿಲ್ ಆಗಲೇ ತಿರುಗಿರುತ್ತದೆ. ಬಾಲವಿದ್ದಾಗ ಬಸ್ಸಿನ ಹಾಗೆ ಹಿಂಬದಿ ಎಳೆದುಕೊಂಡು ಬರುತ್ತಿತ್ತು, ಈಗ ಹಿಂದೆ ಎಳೆಯುವುದು ಏನೂ ಇರುವುದಿಲ್ಲ. ಹಾಗಾಗಿ ಮೊದಲ ತಿರುವುಗಳನ್ನು ಅಗಲವಾಗಿ, ಅಲೆಯ ಬುಡದಲ್ಲೇ ಮಾಡಿ. ಅಲೆಯ ನೆತ್ತಿಯಲ್ಲಿ ತಿರುಗಿದರೆ ರೆಕ್ಕೆಯ ತುದಿ ನೀರಿನಿಂದ ಹೊರಬಂದು ಬೀಳುವ ಸಾಧ್ಯತೆ ಹೆಚ್ಚು.

ಕಾಲು ದಣಿದರೆ ಕೂಡಲೇ ದಡಕ್ಕೆ ಬನ್ನಿ. ದಣಿದ ಕಾಲು ಹೊತ್ತು ಮೀರಿ ತಿದ್ದುತ್ತದೆ. ನಾನು ಈಗಲೂ ಮುಕ್ಕಾಲು ಗಂಟೆಗೆ ಬಾಲವಿರುವ ಫಾಯಿಲ್‌ಗೆ ಬದಲಾಯಿಸಿಕೊಂಡು, ಸಂಜೆಯವರೆಗೆ ಅದರಲ್ಲೇ ಆಡುತ್ತೇನೆ.