ಕಿಟ್ ಬಿಚ್ಚುವ ಹೊತ್ತು

2021ರ ಮೇ ತಿಂಗಳು. ಕಾರವಾರದ ಕೋವಿಡ್ ವಾರ್ಡೊಂದರಲ್ಲಿ ನಾನು ಸ್ಟಾಫ್ ನರ್ಸ್. ನಮ್ಮ ಕರಾವಳಿಯ ಮೇ ಸೆಕೆ ಗೊತ್ತಲ್ವಾ, ಅದರ ಮೇಲೆ ಪಿಪಿಇ ಕಿಟ್. ಹಾಕಿ ಹತ್ತು ನಿಮಿಷಕ್ಕೆ ಬೆನ್ನೆಲ್ಲ ನೀರು. ಕೈ ಇಳಿಬಿಟ್ಟರೆ ಗ್ಲೌಸಿನ ಬೆರಳುಗಳಲ್ಲಿ ಬೆವರು ಇಳಿದು ತುಂಬಿಕೊಳ್ಳುತ್ತಿತ್ತು.

ರೋಗಿಯ ಹತ್ತಿರ ಹೋಗುವಾಗ ನಾವೆಲ್ಲ ಹುಷಾರಾಗಿಯೇ ಇರುತ್ತಿದ್ದೆವು. ನನಗೆ ಹೆದರಿಕೆ ಇದ್ದದ್ದು ಕಿಟ್ ಬಿಚ್ಚುವ ಕೋಣೆಯದ್ದು. ಆರು ಗಂಟೆ ನೀರು ಕುಡಿದಿರುವುದಿಲ್ಲ, ಬಾತ್‌ರೂಮಿಗೆ ಹೋಗಿರುವುದಿಲ್ಲ. ಎಲ್ಲ ಕಿತ್ತು ಬಿಸಾಡಿದರೆ ಸಾಕು ಅನಿಸುತ್ತದೆ. ತಪ್ಪಾಗುವುದೇ ಆವಾಗ. ಒಂದು ರಾತ್ರಿ ಹೊರಗಿನ ಗ್ಲೌಸ್ ತೆಗೆಯುವ ಮೊದಲೇ ಕಣ್ಣಿಗೆ ಬೆವರು ಇಳಿಯಿತು. ನನಗೆ ಗೊತ್ತಿಲ್ಲದೆ ಕೈ ಮುಖದ ಹತ್ತಿರ ಹೋಗಿತ್ತು. "ತಂಗೀ, ಕೈ ಕೆಳಗೆ!" ಅಂತ ಹಿರಿಯ ಸಿಸ್ಟರ್ ಕೂಗಿದರು. ಆ ಕೂಗು ಈಗಲೂ ಕಿವಿಯಲ್ಲಿದೆ. ಮರುದಿನದಿಂದ ಒಬ್ಬರೇ ಬಿಚ್ಚುವುದನ್ನು ಬಿಟ್ಟೆವು. ಒಬ್ಬರು ಬಿಚ್ಚಬೇಕು, ಇನ್ನೊಬ್ಬರು ನಿಂತು ನೋಡಬೇಕು. ಗೌನನ್ನು ಒಳಮೈ ಹೊರಗೆ ಬರುವಂತೆ ಸುತ್ತುತ್ತಾ ಇಳಿಸಿ ಹಳದಿ ಚೀಲಕ್ಕೆ ಹಾಕುವುದು. ಕನ್ನಡಕವನ್ನು ಹಿಂದಿನಿಂದ ಹಿಡಿದು ತೆಗೆಯುವುದು. ಮಾಸ್ಕ್ ಕೊನೆಗೆ, ಅದೂ ಕೋಣೆಯಿಂದ ಹೊರಗೆ ಬಂದ ಮೇಲೆ, ಪಟ್ಟಿ ಮಾತ್ರ ಮುಟ್ಟಿ. ಪ್ರತಿ ಹಂತಕ್ಕೂ ಸ್ಯಾನಿಟೈಸರ್ ಹಾಕಿ 20-30 ಸೆಕೆಂಡ್ ಕೈ ಉಜ್ಜುವುದು.

ಇಷ್ಟೆಲ್ಲ ಮಾಡಿಯೂ ಒಂದೇ ವಾರದಲ್ಲಿ ಮೂವರಿಗೆ ಪಾಸಿಟಿವ್ ಬಂತು. ಎಲ್ಲಿಂದ ಅಂತ ಯೋಚಿಸುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಚಹಾ ಕುಡಿಯುವ ಕೋಣೆ. ತೌಕ್ತೆ ಚಂಡಮಾರುತದ ಮಳೆಗಾಳಿ ಅಂತ ಕಿಟಕಿ ಮುಚ್ಚಿದ್ದೆವು. ಸಣ್ಣ ಕೋಣೆಯಲ್ಲಿ ಆರು ಜನ, ಮಾಸ್ಕ್ ತೆಗೆದು, ಒಟ್ಟಿಗೆ ಊಟ. ಜ್ವರ ಬರುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲದು ಅಂತ ನಮಗೆ ಗೊತ್ತಿತ್ತು. ಆದರೂ ಜೊತೆಯವರನ್ನು ನೋಡಿ ಹೆದರಬೇಕು ಅಂತ ಅನಿಸುವುದಿಲ್ಲ. ಮನೆಯವರ ಹಾಗೆ ಅಲ್ವಾ ಅವರು? ನಮಗೆ ಕೂತು ಉಣ್ಣಲು ಬೇರೆ ಜಾಗವೂ ಇರಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಮೂವರೂ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರು, ಯಾರಿಗೂ ಆಕ್ಸಿಜನ್ ಬೇಕಾಗಲಿಲ್ಲ. ಆಮೇಲೆ ನಾವು ವರಾಂಡದಲ್ಲೇ, ಇಬ್ಬಿಬ್ಬರಾಗಿ, ದೂರ ದೂರ ಕೂತು ಉಂಡೆವು.

ಮನೆಯಲ್ಲಿ ಅತ್ತೆ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿರುತ್ತಿದ್ದರು. ಹಿಂದಿನ ಬಾಗಿಲಿಂದ ಹೋಗಿ ಮಿಂದೇ ಮಗಳ ಮುಖ ನೋಡುತ್ತಿದ್ದೆ.

ಈಗ ಹೊಸಬರಿಗೆ ಕಿಟ್ ಬಿಚ್ಚುವುದು ಕಲಿಸುವಾಗ ಗೌನಿನ ಎದೆಗೂ ಗ್ಲೌಸಿಗೂ ಕುಂಕುಮದ ನೀರು ಹಚ್ಚುತ್ತೇನೆ. ಎಲ್ಲ ಬಿಚ್ಚಿದ ಮೇಲೆ ಮೈಮೇಲೆ ಎಲ್ಲೆಲ್ಲಿ ಕೆಂಪಾಗಿದೆ ಅಂತ ಹುಡುಕುತ್ತೇವೆ. ಹೆಚ್ಚಾಗಿ ಸಿಗುವುದು ಮಣಿಕಟ್ಟಿನಲ್ಲಿ. ಮೊನ್ನೆ ಬಂದ ಹುಡುಗಿಗೆ ಕಿವಿಯ ಹಿಂದೆ ಇತ್ತು.