ಐರ್ಲೆಂಡಿಗೆ ಬರುವ ಕನ್ನಡಿಗರೇ, ಪೋಲೆಂಡಿನವರನ್ನು ಸ್ವಲ್ಪ ಗಮನಿಸಿ

ಪಿಪಿಎಸ್ ನಂಬರ್ (ತೆರಿಗೆಗೂ ಸರ್ಕಾರಿ ಸೇವೆಗೂ ಬೇಕಾದ ಗುರುತಿನ ಸಂಖ್ಯೆ), ಐಆರ್‌ಪಿ ಕಾರ್ಡ್ (ಇಲ್ಲಿ ವಾಸಿಸುವ ಪರವಾನಗಿ), ಬ್ಯಾಂಕ್ ಖಾತೆ ಇವೆಲ್ಲ ಒಂದೊಂದಾಗಿ ಆಗುತ್ತವೆ. ಕಾಗದಪತ್ರ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಸಾಕು. ನನಗೆ ಹೇಳಬೇಕಾಗಿರುವುದು ಬೇರೆ. ಪಕ್ಕದ ಮನೆಯವರೋ, ಮಗುವಿನ ಕ್ಲಾಸಿನ ಗೆಳೆಯನೋ, ಕಾರ್ ರಿಪೇರಿಯವರೋ, ಯಾರಾದರೊಬ್ಬರು ಪೋಲೆಂಡಿನವರು ನಿಮಗೆ ಇಲ್ಲಿ ಸಿಕ್ಕೇ ಸಿಗುತ್ತಾರೆ. ಐರಿಷ್ ಜನ ಅವರ ಬಗ್ಗೆ ಏನು ಮಾತಾಡುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಈ ದೇಶ ಹೊರಗಿನವರನ್ನು ಹೇಗೆ ನೋಡುತ್ತದೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿದ್ದು 2004ರ ಮೇ 1ರಂದು. ಹೊಸ ಸದಸ್ಯ ದೇಶದವರಿಗೆ ಆಗಲೇ ಕೆಲಸಕ್ಕೆ ಬನ್ನಿ ಅಂದ ಹಳೆಯ ದೇಶಗಳು ಮೂರೇ: ಐರ್ಲೆಂಡ್, ಬ್ರಿಟನ್, ಸ್ವೀಡನ್. ಇಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದ ಕಾಲ. 2002ರ ಜನಗಣತಿಯಲ್ಲಿ ಎರಡು ಸಾವಿರದಷ್ಟಿದ್ದ ಪೋಲೆಂಡಿನವರು 2011ರಲ್ಲಿ 1,22,585 ಆಗಿದ್ದರು. ಬ್ರಿಟಿಷರನ್ನೂ ದಾಟಿ ಇಲ್ಲಿನ ಅತಿ ದೊಡ್ಡ ವಿದೇಶಿ ಗುಂಪು ಅವರೇ ಆದರು.

ಅವರ ಮಾತು ಬಂದರೆ ಐರಿಷರು ಮೊದಲು ಹೇಳುವುದು ಒಂದೇ: ಒಳ್ಳೆಯ ಕೆಲಸಗಾರರು. ಮನಸ್ಸಿನಿಂದಲೇ ಹೇಳುತ್ತಾರೆ, ಸುಳ್ಳಲ್ಲ. ಆದರೆ ಈ ಹೊಗಳಿಕೆ ನನಗೆ ಪೂರ್ತಿ ಹಿಡಿಸುವುದಿಲ್ಲ. ಡಿಗ್ರಿ ಮುಗಿಸಿ ಬಂದ ಎಷ್ಟೋ ಜನ ಅಣಬೆ ಫಾರ್ಮಿನಲ್ಲಿ, ಮಾಂಸದ ಕಾರ್ಖಾನೆಯಲ್ಲಿ, ಹೋಟೆಲ್ ರೂಮು ಗುಡಿಸುತ್ತಾ ವರ್ಷಗಟ್ಟಲೆ ದುಡಿದರು. ಅವರ ಊರು ಯಾವುದು, ಓದಿದ್ದೇನು ಅಂತ ಕೇಳಿದವರು ಕಮ್ಮಿ. 2008ರಲ್ಲಿ ಆರ್ಥಿಕತೆ ಕುಸಿದಾಗ ಇವರೆಲ್ಲ ವಾಪಸ್ ಹೋಗುತ್ತಾರೆ ಅಂತ ಬಹಳ ಜನ ಅಂದುಕೊಂಡರು. ಕೆಲಸ ಇದ್ದಾಗ ಮೆಚ್ಚಿದವರಲ್ಲೇ ಕೆಲವರು, ನಮ್ಮ ಕೆಲಸ ಕಿತ್ತುಕೊಂಡರು ಅಂತ ಗೊಣಗಿದ್ದೂ ಉಂಟು. ಆದರೆ ಪೋಲೆಂಡಿನವರಲ್ಲಿ ಬಹಳ ಜನ ಹೋಗಲಿಲ್ಲ. ಮಕ್ಕಳು ಶಾಲೆಗೆ ಸೇರಿದ್ದರು.

ನಮ್ಮನ್ನೂ ಈಗ ಹಾಗೇ ಹೊಗಳುತ್ತಾರೆ. ಭಾರತದ ನರ್ಸ್‌ಗಳಿಲ್ಲದೆ ಆಸ್ಪತ್ರೆ ನಡೆಯದು, ಸಾಫ್ಟ್‌ವೇರ್‌ನವರು ಜಾಣರು ಅಂತ. ಖುಷಿಪಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕೆಲಸದ ಆಚೆಗೂ ಜನರಿಗೆ ನಿಮ್ಮ ಪರಿಚಯ ಆಗಬೇಕು. ಊರನ್ನು ಅಂದವಾಗಿಡುವ ಟೈಡಿ ಟೌನ್ಸ್ ಸ್ವಯಂಸೇವಕರು ಬೀದಿ ಚೊಕ್ಕಟ ಮಾಡುವಾಗ ಜೊತೆಗೆ ಹೋಗಿ. ಮಗುವನ್ನು ಊರಿನ ಜಿಎಎ (ಐರಿಷರ ಗೇಲಿಕ್ ಆಟಗಳ) ಕ್ಲಬ್ಬಿಗೆ ಸೇರಿಸಿ, ನೀವೂ ಮೈದಾನದ ಪಕ್ಕ ನಿಂತು ಮಾತಾಡಿ.

ಪೋಲೆಂಡ್ ದೇಶದ ಬಗ್ಗೆ ಐರಿಷರಿಗೆ ಒಂದು ಆಪ್ತ ಭಾವ ಇದೆ. 1795ರಿಂದ 1918ರವರೆಗೆ ಪೋಲೆಂಡ್ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ದೊಡ್ಡ ನೆರೆಯವರ ಕೈಕೆಳಗೆ ಬದುಕಿದ ನೋವು ಐರಿಷರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡೂ ಕಡೆ ಕ್ಯಾಥೋಲಿಕ್ ಚರ್ಚು, ಆಲೂಗಡ್ಡೆ, ಹಡಗು ಹತ್ತಿ ಹೋದ ಮಕ್ಕಳು. 1979ರಲ್ಲಿ ಪೋಲೆಂಡಿನ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ವಯಸ್ಸಾದವರು ಈಗಲೂ ಅದನ್ನು ನೆನೆಯುತ್ತಾರೆ.

ಅದಕ್ಕಿಂತ ಹಳೆಯ ಋಣವೂ ಒಂದಿದೆ. ಐರ್ಲೆಂಡಿನ 1847ರ ಬರಗಾಲದಲ್ಲಿ ಪಾವೆಲ್ ಸ್ಟ್ರೆಲೆಟ್ಸ್ಕಿ ಎಂಬ ಪೋಲಿಷ್ ಪರಿಶೋಧಕ ಮೇಯೋ, ಸ್ಲೈಗೋ ಕಡೆ ಪರಿಹಾರ ಕೆಲಸಕ್ಕೆ ಬಂದರು. ನಮ್ಮ ಬಿಸಿಯೂಟದ ಹಾಗೆ, ಶಾಲೆಗಳಲ್ಲೇ ಮಕ್ಕಳಿಗೆ ಊಟ ಹಾಕಿಸಿದರು. 1848ರ ಹೊತ್ತಿಗೆ ಸುಮಾರು 2 ಲಕ್ಷ ಮಕ್ಕಳಿಗೆ ಅದು ತಲುಪುತ್ತಿತ್ತು. ಕೂಲಿಗೆ ಬಂದವರು ಅಂತ ಮಾತ್ರ ಪೋಲೆಂಡಿನವರನ್ನು ನೋಡುವವರಿಗೆ ಈ ಕಥೆ ಗೊತ್ತಿರಬೇಕು.

ಈಗಿನ ಯುವಕರ ನೋಟ ಬೇರೆ. ಐರ್ಲೆಂಡ್ ಚರ್ಚಿನ ಹಿಡಿತದಿಂದ ಬೇಗ ಹೊರಗೆ ಬಂತು. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ, ಕೇಳಿದರೂ ಗರ್ಭಪಾತ ಮಾಡದೆ ಹೋದಾಗ, ತೀರಿಕೊಂಡದ್ದು ಇಲ್ಲಿನ ಜನರನ್ನು ಅಲುಗಾಡಿಸಿತು. 2018ರ ಜನಮತದಲ್ಲಿ ಗರ್ಭಪಾತ ನಿಷೇಧ ಬಿತ್ತು. ಆಕೆಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಪೋಲೆಂಡಿನ ನ್ಯಾಯಮಂಡಳಿ ಮಾತ್ರ 2020ರಲ್ಲಿ ಅಲ್ಲಿನ ನಿಯಮ ಇನ್ನೂ ಬಿಗಿ ಮಾಡಿತು. ಹಾಗಂತ ಪೋಲೆಂಡಿನವರೆಲ್ಲ ಸಂಪ್ರದಾಯಸ್ಥರು ಅನ್ನುವುದು ಅನ್ಯಾಯ. ಆ ತೀರ್ಪಿನ ವಿರುದ್ಧ ಅಲ್ಲಿನ ಊರೂರಲ್ಲೂ ಹೆಂಗಸರು ಬೀದಿಗಿಳಿದಿದ್ದರು.

ನಮ್ಮವರಿಗೂ ಒಂದು ಮಾತು ಹೇಳಬೇಕು. ನಾವು ಪರ್ಮಿಟ್ ಮೇಲೆ ಬಂದ ಓದಿದವರು, ಅವರು ಸುಮ್ನೆ ಕೂಲಿಯವರು ಅನ್ನುವ ಮಾತು ಹಬ್ಬದೂಟದ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತದೆ. ನನಗೆ ಸಿಟ್ಟು ಬರುತ್ತದೆ. ಇವತ್ತು ಅವರ ಬಗ್ಗೆ ಆಡಿದ ಮಾತನ್ನು ನಾಳೆ ಬೇರೆಯವರು ನಮ್ಮ ಬಗ್ಗೆ ಆಡುತ್ತಾರೆ, ಅಲ್ವಾ? 2025ರ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು. ಪೋಲಿಷ್ ಮಗು ಐರಿಷ್ ಉಚ್ಚಾರಣೆ ಕಲಿತರೆ ಗುಂಪಿನಲ್ಲಿ ಒಂದಾಗಿಬಿಡುತ್ತದೆ. ನಮ್ಮ ಮಗು ಎಷ್ಟೇ ಚೆನ್ನಾಗಿ ಮಾತಾಡಿದರೂ, ನಿಜವಾಗಿ ನೀನು ಎಲ್ಲಿಯವನು ಅನ್ನುವ ಪ್ರಶ್ನೆ ತಪ್ಪುವುದಿಲ್ಲ. ಅದಕ್ಕೆ ಮಗುವನ್ನು ಮನೆಯಲ್ಲೇ ತಯಾರು ಮಾಡಿ.

2022ರ ಹೊತ್ತಿಗೆ ಪೋಲೆಂಡಿನ ಪ್ರಜೆಗಳು 93,680ಕ್ಕೆ ಇಳಿದಿದ್ದರು. ಅವರ ದೇಶವೂ ಮುಂದೆ ಬಂದಿದೆ, ಎಷ್ಟೋ ಜನ ಮರಳಿದರು. ಉಳಿದವರು ಮಾಡಿಕೊಂಡ ಏರ್ಪಾಡು ನೋಡಿದರೆ ನನಗೆ ಗೌರವ. ಊರೂರಲ್ಲಿ ವಾರಾಂತ್ಯದ ಶಾಲೆ ಕಟ್ಟಿದರು. ಭಾಷೆ, ಚರಿತ್ರೆ, ಭೂಗೋಳ ಎಲ್ಲ ಅಲ್ಲಿ ಕಲಿಸುತ್ತಾರೆ. 2022ರಿಂದ ಲೀವಿಂಗ್ ಸರ್ಟ್ ಪರೀಕ್ಷೆಯಲ್ಲಿ (ಇಲ್ಲಿನ ಶಾಲೆಯ ಕೊನೆಯ ಪರೀಕ್ಷೆ) ಪೋಲಿಷ್ ಪಠ್ಯಕ್ರಮದ ವಿಷಯವಾಗಿಯೇ ಇದೆ. ಕನ್ನಡಕ್ಕೆ ಆ ಪರೀಕ್ಷೆಯಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮ ಮಕ್ಕಳು ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡಬೇಕಾದರೆ ಎಲ್ಲ ನಮ್ಮ ಕೈಯಲ್ಲೇ ಇದೆ. ನಿಮ್ಮ ಊರಿನಲ್ಲಿ ಪೋಲಿಷ್ ಶಾಲೆ ಇದ್ದರೆ ಒಂದು ಶನಿವಾರ ಹೋಗಿ, ಕೊಠಡಿ ಎಲ್ಲಿಂದ ಸಿಕ್ಕಿತು, ಖರ್ಚು ಹೇಗೆ ಹಂಚಿಕೊಳ್ಳುತ್ತೀರಿ, ಮಕ್ಕಳು ಬರುವುದಿಲ್ಲ ಅಂದಾಗ ಏನು ಮಾಡುತ್ತೀರಿ ಅಂತ ಕೇಳಿ. ಸೆಪ್ಟೆಂಬರಿನಲ್ಲಿ ಶಾಲಾ ವರ್ಷ ಶುರುವಾಗುವ ಮುಂಚೆಯೇ ಹೋದರೆ ಒಳ್ಳೆಯದು.